ಹೆಸರಿಗೊಂದು ಮೊಲ

ಎಲ್ಲರದೂ ಒಂದೇ ಮುಖ. ಪಕ್ಕಕ್ಕೆ ತಿರುಗಿದ ತಲೆ, ಕತ್ತಿನತ್ತ ಇಳಿದ ಕೂದಲು, ಒಂದು ಕಣ್ಣು, ಒಂದು ಮೂಗು. ಕತ್ತಿನಿಂದ ಕೆಳಗೆ ಮೈಯಿಲ್ಲ. ಬರೆದ ಕೈಗೆ ಈ ಮುಖಗಳ ಮೇಲೆ ಮಮತೆಯೇನೂ ಇದ್ದಂತಿಲ್ಲ. ಒಂದು ತಲೆ ಬರೆದು ಇನ್ನೊಂದು, ಅದು ಮುಗಿದ ಮೇಲೆ ಮತ್ತೊಂದು, ಹಾಳೆ ತುಂಬಿದರೆ ಮುಂದಿನ ಹಾಳೆ. ಆದರೆ ಪ್ರತಿ ತಲೆಯ ಜೊತೆಗೂ ಒಂದು ಸಣ್ಣ ಚಿತ್ರವಿದೆ. ಒಬ್ಬನಿಗೆ ಮೊಲ. ಇನ್ನೊಬ್ಬನಿಗೆ ಹಾವು. ಮತ್ತೊಬ್ಬನಿಗೆ ಹದ್ದು, ಅವನ ನೆರೆಯವನಿಗೆ ಹೂವು, ಅವನಾಚೆಯವನಿಗೆ ಗುರಾಣಿ ಮತ್ತು ಗದೆ. ಕೈ ಅಲ್ಲಿಗೆ ಬಂದಾಗ ಮಾತ್ರ ಒಂದಿಷ್ಟು ನಿಂತಿದೆ. ಒಂದು ಮೊಲದ ಕಿವಿ ನೆಟ್ಟಗೆ, ಇನ್ನೊಂದರದು ಹಿಂದಕ್ಕೆ. ಒಂದು ಹಾವು ಸುರುಳಿ ಸುತ್ತಿದೆ, ಇನ್ನೊಂದು ನಾಲಗೆ ಚಾಚಿದೆ. ಮುಖ ಎಲ್ಲರಿಗೂ ಒಂದೇ ಆದದ್ದರಿಂದ, ಆ ಮನುಷ್ಯನ ನಿಜವಾದ ಭಾವಚಿತ್ರ ಈ ಮೊಲವೇ, ಈ ಹಾವೇ. ಅದು ಅವನ ಹೆಸರು.

ಈ ಹಾಳೆಗಳ ಕಟ್ಟಿಗೆ ‘ವೆಶೋತ್ಸಿಂಕೊದ ಮಾತ್ರಿಕುಲಾ’ ಎನ್ನುತ್ತಾರೆ. ಮೆಕ್ಸಿಕೊದ ಪ್ವೆಬ್ಲಾ ರಾಜ್ಯದಲ್ಲಿ, ಇಸ್ತಾಕ್ಸಿವಾಟ್ಲ್ ಎಂಬ ಹಿಮದ ಬೆಟ್ಟದ ತಪ್ಪಲಲ್ಲಿ, ಈಗ ವೆಹೋತ್ಸಿಂಗೊ ಎಂದು ಕರೆಯುವ ಊರೊಂದಿದೆ. 1560ರಲ್ಲಿ ಆ ಊರಿನ, ಅದರ ಸುತ್ತಲ ಹಳ್ಳಿಗಳ ತೆರಿಗೆದಾರರನ್ನು ಎಣಿಸಿ ಬರೆದ ಪಟ್ಟಿ ಇದು. ಬರೆದವರು ಸ್ಪೇನಿನವರಲ್ಲ, ಆ ಊರಿನ ನಾವಾ ಜನರೇ. ಸ್ಪೇನಿನವರು ಬಂದು ನಾಲ್ಕು ದಶಕವಾಗಿತ್ತು, ಕಾಗದ ಯುರೋಪಿನದು, ಚಿತ್ರದ ಪಕ್ಕದಲ್ಲಿ ಲ್ಯಾಟಿನ್ ಅಕ್ಷರಗಳಲ್ಲಿ ಅದೇ ಹೆಸರನ್ನು ಇನ್ನೊಮ್ಮೆ ಬರೆದಿದ್ದಾರೆ. ಹಳೆಯ ಬರವಣಿಗೆ ಮತ್ತು ಹೊಸ ಬರವಣಿಗೆ ಒಂದೇ ಹಾಳೆಯಲ್ಲಿ, ಮಗ್ಗುಲು ಮಗ್ಗುಲಲ್ಲಿ. ಇಂಥ ಸಾವಿರಾರು ಹೆಸರುಗಳು. ಬಡಗಿ, ಕಲ್ಲುಕುಟಿಗ, ಚಿತ್ರಗಾರ ಅಂತ ಕಸುಬಿನವರು ಬೇರೆ ಸೇರಿದ್ದಾರೆ. ಇಪ್ಪತ್ತು ಇಪ್ಪತ್ತು ಮನೆಗಳನ್ನು ನೋಡಿಕೊಳ್ಳಲು ಒಬ್ಬೊಬ್ಬ ಮೇಲ್ವಿಚಾರಕನಿರುತ್ತಿದ್ದ. ನಾವಾ ಜನರ ಎಣಿಕೆಯೇ ಇಪ್ಪತ್ತರ ಮೇಲೆ ನಿಂತದ್ದು. ಇಪ್ಪತ್ತಕ್ಕೆ ಒಂದು ಬಾವುಟ ಬರೆದರೆ ಆಯಿತು.

ಕಟ್ಟು ಈಗ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ಗ್ರಂಥಾಲಯದವರು ಹಾಳೆ ಹಾಳೆಯ ಫೋಟೋ ತೆಗೆದು ಇಂಟರ್ನೆಟ್ಟಿಗೆ ಹಾಕಿರುವುದರಿಂದ ನನ್ನಂಥ ನಿವೃತ್ತ ಮೇಷ್ಟರೂ ಮನೆಯಲ್ಲಿ ಕೂತು ಅದನ್ನು ತಿರುವಬಹುದು. ತಿರುವುತ್ತೇನೆ. ರಾತ್ರಿ ಊಟವಾದ ಮೇಲೆ, ಟೀವಿಯವರ ಕೂಗಾಟ ಬೇಡವೆನಿಸಿದಾಗ, ಈ ಜನರ ನಡುವೆ ಹೋಗಿ ಬರುವುದು ಅಭ್ಯಾಸವಾಗಿದೆ. ನಿಮಗೂ ಮೆಕ್ಸಿಕೊಗೂ ಏನು ನಂಟು ಅಂತ ಮನೆಯವರು ಕೇಳುತ್ತಾರೆ. ನಂಟು ಏನೂ ಇಲ್ಲ. ನಮ್ಮ ಹೊಲದ ಬೇಲಿಯ ಕತ್ತಾಳೆ, ಪಾಪಾಸುಕಳ್ಳಿ ಅಲ್ಲಿಂದ ಬಂದವು ಎನ್ನುವುದನ್ನು ಬಿಟ್ಟರೆ. ಆದರೂ ಕಾಣದ ಊರಿನ, ಕೇಳದ ಭಾಷೆಯ, ಯಾವತ್ತೋ ಸತ್ತುಹೋದವರ ಪಟ್ಟಿಯೊಂದನ್ನು ನೋಡಿ ಯಾಕೆ ಹೀಗೆ ಒಳಗೆಲ್ಲೋ ಕಲಕುತ್ತದೆ ಎಂದು ನಾನೂ ಯೋಚಿಸಿದ್ದೇನೆ.

ಒಂದು ಕಾರಣ ಹೊಳೆಯುತ್ತದೆ. ಈ ಹೆಸರುಗಳನ್ನು ಇಟ್ಟ ಗಳಿಗೆ ಬೇರೆ, ಬರೆದುಕೊಂಡ ಗಳಿಗೆ ಬೇರೆ.

ಇಟ್ಟ ಗಳಿಗೆ ಹೇಗಿತ್ತೆಂದು ಇನ್ನೊಂದು ಪುಸ್ತಕ ತೋರಿಸುತ್ತದೆ. 1541ರ ಸುಮಾರಿಗೆ ಮೆಕ್ಸಿಕೊ ನಗರದಲ್ಲಿ ತಯಾರಾದ ಅದನ್ನು ‘ಮೆಂದೋಸಾ ಕೋಡೆಕ್ಸ್’ ಎನ್ನುತ್ತಾರೆ, ಅಲ್ಲಿಯ ಮೊದಲ ವೈಸರಾಯ್ ಅಂತೋನಿಯೊ ದೆ ಮೆಂದೋಸಾನ ಹೆಸರಲ್ಲಿ. ಸ್ಪೇನಿನ ದೊರೆಗೆಂದು ಹೊರಟ ಪುಸ್ತಕ ಫ್ರಾನ್ಸಿನ ರಾಜಭೂಗೋಳಜ್ಞ ಆಂದ್ರೆ ತೆವೆಯ ಕೈಸೇರಿ, ಕೊನೆಗೆ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿ ನೆಲೆಯಾಯಿತು. ಅದರ ಸ್ಪ್ಯಾನಿಷ್ ವಿವರಣೆ ಬರೆದವನು ಕೊನೆಯಲ್ಲಿ ತಕರಾರು ಹೇಳಿಕೊಂಡಿದ್ದಾನೆ: ಹಡಗು ಹೊರಡಲು ಹತ್ತೇ ದಿನ ಇರುವಾಗ ಚಿತ್ರಗಳನ್ನು ಕೈಗೆ ಕೊಟ್ಟರು, ಅವಸರದಲ್ಲಿ ಹೇಗೋ ಬರೆದಿದ್ದೇನೆ ಎಂದು. ಪಾಪ, ಡೆಡ್‌ಲೈನಿನ ಕಷ್ಟ ಯಾವ ಕಾಲಕ್ಕೂ ಒಂದೇ. ಆ ಅವಸರದವನೇ ಹೇಳುತ್ತಾನೆ: ಮಗು ಹುಟ್ಟಿ ನಾಲ್ಕು ದಿನವಾದ ಮೇಲೆ ಸೂಲಗಿತ್ತಿ ಅದನ್ನು ಬರಿಮೈಯಲ್ಲಿ ಅಂಗಳಕ್ಕೆ ಎತ್ತಿಕೊಂಡು ಬರುತ್ತಾಳೆ. ಅಂಗಳದಲ್ಲಿ ಜೊಂಡುಹುಲ್ಲು ಹಾಸಿ, ಅದರ ಮೇಲೆ ನೀರಿನ ಪಾತ್ರೆ ಇಟ್ಟಿರುತ್ತಾರೆ. ಮಗುವಿಗೆ ನೀರು ಹೊಯ್ಯುತ್ತಾಳೆ. ಪಕ್ಕದಲ್ಲಿ ಮೂರು ಪುಟ್ಟ ಹುಡುಗರು ಕೂತಿರುತ್ತಾರೆ. ಅವರ ಮುಂದೆ ಹುರಿದ ಜೋಳಕ್ಕೆ ಬೇಯಿಸಿದ ಹುರುಳಿಕಾಯಿ ಬೀಜ ಬೆರೆಸಿದ ತಿಂಡಿಯ ಬಟ್ಟಲು. ನೀರು ಹಾಕಿದ್ದು ಮುಗಿದ ಮೇಲೆ ಸೂಲಗಿತ್ತಿ ಆ ಹುಡುಗರಿಗೆ ಮಗುವಿನ ಹೆಸರು ಹೇಳುತ್ತಾಳೆ, ಅವರು ಅದನ್ನು ಗಟ್ಟಿಯಾಗಿ ಕೂಗುತ್ತಾರೆ.

ಚಿತ್ರದಲ್ಲಿ ಆ ಮೂವರೂ ಇದ್ದಾರೆ, ಬಟ್ಟಲೂ ಇದೆ. ನನಗೆ ಆ ಪುಟ ಅಂದರೆ ಎಲ್ಲಿಲ್ಲದ ಪ್ರೀತಿ. ಹೆಸರನ್ನು ಮೊದಲು ಲೋಕಕ್ಕೆ ಸಾರಿದ್ದು ಪೂಜಾರಿಯಲ್ಲ, ಅಪ್ಪನಲ್ಲ, ಬಾಯಿತುಂಬ ಜೋಳ ತುಂಬಿಕೊಂಡ ಮೂರು ಹುಡುಗರು! ಗಂಡುಮಗುವಾದರೆ ಹತ್ತಿರ ಪುಟ್ಟ ಗುರಾಣಿ, ಬಾಣ. ಇಲ್ಲವೇ ಅಪ್ಪನ ಕಸುಬಿನ ಉಪಕರಣ. ಹೆಣ್ಣಾದರೆ ಪೊರಕೆ, ಕದಿರು, ಬುಟ್ಟಿ. ಗಂಡಿನ ಹೊಕ್ಕುಳಬಳ್ಳಿಯನ್ನು ಯುದ್ಧ ನಡೆಯುವ ಬಯಲಲ್ಲಿ ಹೂಳುತ್ತಿದ್ದರು, ಹೆಣ್ಣಿನದನ್ನು ಅರೆಯುವ ಕಲ್ಲಿನ ಅಡಿಯಲ್ಲಿ.

ಹೆಸರು ಯಾವುದೆಂದು ತೀರ್ಮಾನಿಸುತ್ತಿದ್ದುದು ಪಂಚಾಂಗ. 260 ದಿನಗಳ ಒಂದು ಸುತ್ತು ಅವರದು. ಇಪ್ಪತ್ತು ಚಿಹ್ನೆಗಳು: ಮೊಸಳೆ, ಗಾಳಿ, ಮನೆ, ಹಲ್ಲಿ, ಹಾವು, ಸಾವು, ಜಿಂಕೆ, ಮೊಲ, ನೀರು, ನಾಯಿ, ಕೋತಿ, ಹುಲ್ಲು, ಜೊಂಡು, ಜಾಗ್ವಾರ್, ಹದ್ದು, ರಣಹದ್ದು, ಕಂಪನ, ಚಕಮಕಿ ಕಲ್ಲು, ಮಳೆ, ಹೂವು. ಅದರ ಜೊತೆಗೆ ಒಂದರಿಂದ ಹದಿಮೂರರವರೆಗಿನ ಸಂಖ್ಯೆ. ಎರಡು ಚಕ್ರಗಳೂ ತಿರುಗುತ್ತ ತಿರುಗುತ್ತ ಇಪ್ಪತ್ತು ಹದಿಮೂರಲೆ ಇನ್ನೂರ ಅರವತ್ತು ದಿನಕ್ಕೆ ಮತ್ತೆ ಮೊದಲ ಜಾಗಕ್ಕೆ ಬರುತ್ತವೆ. ಮಗು ಹುಟ್ಟಿದ ದಿನದ ಸಂಖ್ಯೆ ಮತ್ತು ಚಿಹ್ನೆಯೇ ಅದರ ಹೆಸರು. ‘ಒಂದು ಮೊಲ’, ‘ಎಂಟು ಜಿಂಕೆ’ ಅಂತ. ದಿನ ಕೆಟ್ಟದ್ದಾಗಿದ್ದರೆ ದಿನ ನೋಡುವವನು ನಾಮಕರಣವನ್ನು ಒಂದೆರಡು ದಿನ ಮುಂದೆ ತಳ್ಳಿ ಒಳ್ಳೆಯ ಚಿಹ್ನೆಗೆ ಕೂಡಿಸುತ್ತಿದ್ದ. ಹಣೆಬರಹವನ್ನು ಒಪ್ಪಿಕೊಂಡೇ ಅದಕ್ಕೊಂದು ಸಣ್ಣ ಉಪಾಯ ಹೂಡುವ ಈ ಜಾಣತನ ನನಗೆ ಬಹಳ ಹಿಡಿಸುತ್ತದೆ.

ಬರೆದುಕೊಂಡ ಗಳಿಗೆ ಹೇಗಿತ್ತು? ಅದೇ 1560ರ ಜುಲೈ 30ರಂದು ವೆಶೋತ್ಸಿಂಕೊದ ಊರಸಭೆಯವರು ಸ್ಪೇನಿನ ದೊರೆ ಎರಡನೆಯ ಫಿಲಿಪ್‌ಗೆ ನಾವಾಟ್ಲ್ ಭಾಷೆಯಲ್ಲೇ ಒಂದು ಅರ್ಜಿ ಬರೆದರು. ಅಲ್ಲಿಯ ಭಾಷೆಯಲ್ಲಿ ಉಳಿದಿರುವ ಕಾಗದಗಳಲ್ಲಿ ಅಷ್ಟು ಹೃದಯ ಹಿಂಡುವಂಥದ್ದು ಕಡಿಮೆ. ನಿಮ್ಮ ಜನ ಬಂದಾಗ ನಾವು ಎದುರು ನಿಲ್ಲಲಿಲ್ಲ, ನೆರವಾದೆವು, ಧರ್ಮವನ್ನು ಯಾರೂ ಬಲವಂತ ಮಾಡದೆ ಸ್ವೀಕರಿಸಿದೆವು. ಈಗ ನಮ್ಮ ಮೇಲೆ 14,800 ಪೆಸೊ ಹಣವನ್ನೂ ಅದೇ ಲೆಕ್ಕದ ಜೋಳವನ್ನೂ ಹೊರಿಸಿದ್ದಾರೆ, ಇದನ್ನು ಕೊಡಲು ನಮ್ಮಿಂದಾಗದು, ಊರೇ ಬರಿದಾಗಿ ಹೋಗುತ್ತದೆ ಎನ್ನುವುದು ಅದರ ಸಾರ. ಅರ್ಜಿಯ ಕೆಳಗೆ ಸಹಿಗಳಿವೆ. ದೊನ್ ಲಿಯೊನಾರ್ದೊ ರಮೀರೆಸ್. ದೊನ್ ಮಾತೆಯೊ ದೆ ಲಾ ಕೊರೊನಾ. ದಿಯೇಗೊ ಅಲಮೇದಾ. ಇವರೆಲ್ಲ ಅಪ್ಪಟ ನಾವಾ ಗಣ್ಯರು. ಹೆಸರು ನೋಡಿದರೆ ಸ್ಪೇನಿನಿಂದ ನಿನ್ನೆ ಹಡಗಿಳಿದವರ ಹಾಗಿದ್ದಾರೆ.

ಅರ್ಜಿಯನ್ನೂ ಪಟ್ಟಿಯನ್ನೂ ಒಟ್ಟಿಗಿಟ್ಟು ನೋಡಿದಾಗ ಕಾಣುವುದು ಇದು. ದೊಡ್ಡವರು ಆಗಲೇ ಹೆಸರು ಬದಲಿಸಿಕೊಂಡಾಗಿತ್ತು. ದೊರೆಯೊಂದಿಗೆ ಮಾತಾಡಲು ದೊರೆಯ ಕಡೆಯ ಹೆಸರು ಬೇಕು. ತೆರಿಗೆ ಕಟ್ಟಲು ಅಂಥದ್ದೇನೂ ಬೇಕಿಲ್ಲ. ಹೊಲದಲ್ಲಿ ಗೇಯುವವರು ಮೊಲವಾಗಿ, ಹಾವಾಗಿ, ಲಾವುಗೆಯಾಗಿ ಉಳಿದಿದ್ದರು. ಜ್ಞಾನಸ್ನಾನ ಎಲ್ಲರಿಗೂ ಆಗಿತ್ತು, ಹುವಾನ್, ಪೆದ್ರೊ, ಫ್ರಾನ್ಸಿಸ್ಕೊ, ದೊಮಿಂಗೊ ಎಂಬ ಬೆರಳೆಣಿಕೆಯ ಸಂತರ ಹೆಸರುಗಳನ್ನು ಊರಿಗೆಲ್ಲ ಹಂಚಿಯೂ ಆಗಿತ್ತು. ಹಾಗೆ ಹಂಚಿದರೆ ಏನಾಗುತ್ತದೆ? ಪುಟಕ್ಕಿಷ್ಟು ಹುವಾನ್‌ಗಳು. ಯಾವ ಹುವಾನನ ಜೋಳ ಬಂತು, ಯಾವ ಹುವಾನನದು ಬಾಕಿ ಎಂದು ಗುಮಾಸ್ತನಿಗೆ ತಿಳಿಯಬೇಕಲ್ಲ? ಹುವಾನ್ ತೊಚ್ತ್ಲಿ, ಅಂದರೆ ಮೊಲದ ಹುವಾನ್. ಹುವಾನ್ ಕೊವಾಟ್ಲ್, ಹಾವಿನ ಹುವಾನ್. ಅಂಗಳದಲ್ಲಿ ಮೂರು ಹುಡುಗರು ಕೂಗಿ ಸಾರುವಂಥ ಹೆಸರು, ಕೊನೆಗೆ ಒಬ್ಬನ ಬಾಕಿಯನ್ನು ಇನ್ನೊಬ್ಬನ ಬಾಕಿಯಿಂದ ಬೇರೆ ಮಾಡಲು ಒದಗಿತು. ಪಂಚಾಂಗದ ಸಂಖ್ಯೆ ಅಷ್ಟು ಹೊತ್ತಿಗೆ ಹೆಚ್ಚಿನವರಿಗೆ ಉದುರಿಹೋಗಿತ್ತು. ಒಂದು ಮೊಲವೋ ಏಳು ಮೊಲವೋ ಯಾರಿಗೂ ಬೇಕಿರಲಿಲ್ಲ. ಬರೀ ಮೊಲ.

ತಮಾಷೆಯೆಂದರೆ, ಹೆಸರು ಎದುರು ದಿಕ್ಕಿಗೂ ಹರಿದಿತ್ತು. 1524ರಲ್ಲಿ ಬಂದ ಹನ್ನೆರಡು ಫ್ರಾನ್ಸಿಸ್ಕನ್ ಸಂನ್ಯಾಸಿಗಳಲ್ಲಿ ತೊರಿಬಿಯೊ ದೆ ಬೆನವೆಂತೆ ಒಬ್ಬ. ಬರಿಗಾಲು, ಹರಿದ ನಿಲುವಂಗಿ ಕಂಡು ನಾವಾ ಜನ ‘ಮೊತೊಲಿನಿಯಾ’ ಎಂದು ತಮ್ಮತಮ್ಮಲ್ಲೇ ಅಂದುಕೊಂಡರು. ಏನು ಹಾಗೆಂದರೆ ಎಂದು ಕೇಳಿದ. ಬಡವ, ಪಾಪದವ ಎಂದರು. ಇನ್ನು ಮೇಲೆ ಅದೇ ನನ್ನ ಹೆಸರು ಎಂದ, ಬದುಕಿರುವವರೆಗೂ ಹಾಗೇ ಕರೆಸಿಕೊಂಡ. ಆತ ವೆಶೋತ್ಸಿಂಕೊದ ಮಠಕ್ಕೂ ಕೆಲಕಾಲ ಮುಖ್ಯಸ್ಥನಾಗಿದ್ದ. ಸಾವಿರಗಟ್ಟಲೆ ಜನರ ಮೇಲೆ ನೀರು ಹಾಕಿ ಹುವಾನ್, ಪೆದ್ರೊ ಎಂದು ಹೆಸರಿಟ್ಟವನ ಹೆಸರು ಮಾತ್ರ ನಾವಾಟ್ಲ್. ಅವನಿಗೆ ಹೆಸರು ಬದಲಿಸುವುದು ವೈರಾಗ್ಯ. ಅವರಿಗೆ? ಅವರನ್ನು ಯಾರೂ ಕೇಳಿದಂತಿಲ್ಲ.

ಈ ಚಿತ್ರಗಳನ್ನು ಓದುವುದು ಮೇಲುನೋಟಕ್ಕೆ ಕಂಡಷ್ಟು ಸುಲಭವಲ್ಲ. ಮೊಲ ಕಂಡರೆ ಮೊಲ, ಅದು ಸರಿ. ಕತ್ತಿಗೆ ಪಟ್ಟಿ ಕಟ್ಟಿದ ತೋಳದಂಥ ಪ್ರಾಣಿ ಕಂಡರೆ ತೆಶ್ಕೊಕೊದ ಕವಿರಾಜ ನೆಸಾವಲ್‌ಕೊಯೊಟ್ಲ್, ಉಪವಾಸದ ಕೊಯೊಟೆ. ಹೊಗೆಯಾಡುವ ಗುರಾಣಿ ಚಿಮಲ್‌ಪೊಪೊಕಾ. ತಲೆಕೆಳಗಾಗಿ ಎರಗುವ ಹದ್ದು ಕ್ವಾವ್‌ತೆಮೊಕ್. ಹದ್ದಿನ ಕೊಕ್ಕಿನ ಮುಂದೆ ಸುರುಳಿಯೊಂದು ತೇಲುತ್ತಿದ್ದರೆ ಹದ್ದು ಮಾತಾಡುತ್ತಿದೆ, ಕ್ವಾವ್‌ತ್ಲಾತೊವಾ. ಇದು ಚಿತ್ರವನ್ನು ಚಿತ್ರವಾಗಿಯೇ ನೋಡುವ ಬಗೆ. ಇನ್ನೊಂದು ಬಗೆಯಲ್ಲಿ ಚಿತ್ರ ಬರಿಯ ದನಿ. ಇಟ್ಸ್‌ಕೊವಾಟ್ಲ್ ಎಂಬ ದೊರೆಯನ್ನು ಒಂದು ಕಡೆ ಬೆನ್ನ ಮೇಲೆ ಕಪ್ಪು ಗಾಜುಗಲ್ಲಿನ ಅಲಗುಗಳಿರುವ ಹಾವಾಗಿ ಬರೆದಿದ್ದಾರೆ. ಹೆಸರಿನ ಅರ್ಥವೇ ಅದು. ‘ವೆರ್ಗಾರಾ ಕೋಡೆಕ್ಸ್’ ಎಂಬ ಇನ್ನೊಂದು ಪುಸ್ತಕದಲ್ಲಿ ಅದೇ ಹೆಸರಿಗೆ ಹಾವೇ ಇಲ್ಲ. ಒಂದು ಅಲಗು, ಒಂದು ಮಡಕೆ, ಒಂದಿಷ್ಟು ನೀರು. ಇಟ್ಸ್, ಕೊ, ಆ. ಮೊದಲ ಉಚ್ಚಾರಗಳನ್ನು ಮಾತ್ರ ಕಿತ್ತುಕೊಂಡು ಜೋಡಿಸಿದರೆ ಹೆಸರು. ಇದನ್ನು 1849ರಲ್ಲೇ ಫ್ರಾನ್ಸಿನ ಓಬಾಂ ಎಂಬ ವಿದ್ವಾಂಸ ಬಿಡಿಸಿ ತೋರಿಸಿದ್ದ. ಇದು ಚಿತ್ರವೋ ಬರವಣಿಗೆಯೋ ಎಂದು ವಿದ್ವಾಂಸರು ಆಗಿನಿಂದಲೂ ಕಾದಾಡುತ್ತಿದ್ದಾರೆ. ಅವರು ಕಾದಾಡಲಿ. ಮಡಕೆ ಬರೆದು ಕೊ ಎಂದು ಓದಿಸಿದವನಿಗೆ ತಾನು ಬರೆಯುತ್ತಿದ್ದೇನೆ ಎಂಬ ಬಗ್ಗೆ ಸಂಶಯವಿದ್ದಿರಲಾರದು.

ಸ್ಪೇನಿನವರ ಬಾಯಿತಿರುಗದ ಹೆಸರುಗಳು ಬಂದಾಗ ಈ ಕಲೆ ಇನ್ನೂ ಚುರುಕಾಯಿತು. ವೈಸರಾಯ್ ಮೆಂದೋಸಾನನ್ನು ಬರೆಯುವುದು ಹೇಗೆ? ಕತ್ತಾಳೆಗೆ ಮೆಟ್ಲ್, ನೆಲದಡಿ ಬಿಲ ತೋಡುವ ಹೆಗ್ಗಣದಂಥ ಪ್ರಾಣಿಗೆ ತೊಸಾನ್. ಕತ್ತಾಳೆ ಬರೆದು ಪಕ್ಕದಲ್ಲಿ ಹೆಗ್ಗಣ ಕೂರಿಸಿದರೆ ಮೆ-ತೊಸಾ. ದೊರೆಯ ಪ್ರತಿನಿಧಿ, ಸಕಲ ಬಿರುದಾವಳಿ ಸಹಿತ, ಕತ್ತಾಳೆ ಮತ್ತು ಹೆಗ್ಗಣ! ಲ್ಯಾಟಿನ್ ಪ್ರಾರ್ಥನೆಯ ‘ಪಾತೆರ್ ನೊಸ್ತೆರ್’ ಎಂಬ ಮೊದಲ ಎರಡು ಮಾತಿಗೆ ಬಾವುಟವನ್ನೂ ಪಾಪಾಸುಕಳ್ಳಿ ಹಣ್ಣನ್ನೂ ಬರೆದುಕೊಂಡು ಬಾಯಿಪಾಠ ಮಾಡುತ್ತಿದ್ದರೆಂದು ಮೆಂದಿಯೇತಾ ಎಂಬ ಫ್ರಾನ್ಸಿಸ್ಕನ್ ಬರೆದಿಟ್ಟಿದ್ದಾನೆ. ಕ್ರೌರ್ಯಕ್ಕೆ ಹೆಸರಾದ ಪೆದ್ರೊ ದೆ ಅಲ್ವರಾದೊನ ಕೂದಲು ಕೆಂಚಗಿತ್ತು, ಅವನಿಗೆ ಸೂರ್ಯ ಎಂದು ಅಡ್ಡಹೆಸರಿಟ್ಟಿದ್ದರು. 1541ರಲ್ಲಿ ಅವನು ಸತ್ತ ಸುದ್ದಿಯನ್ನು ಬರೆದ ಪುಟದಲ್ಲಿ ಅವನ ಗುರುತಾಗಿ ಒಬ್ಬ ಸೂರ್ಯನಿದ್ದಾನೆ. ಗೆದ್ದು ಬಂದವರ ಹೆಸರುಗಳನ್ನೂ ತಮ್ಮ ಗಿಡಮರ ಪ್ರಾಣಿಗಳೊಳಗೆ ಎಳೆದುಕೊಂಡು ಪಳಗಿಸುವಷ್ಟು ಜೀವ ಆ ಲಿಪಿಗೆ ಇನ್ನೂ ಇತ್ತು ಎನ್ನುವುದೇ ಸಂಕಟ. ಬತ್ತಿ ಒಣಗಿ ಹೋಗುತ್ತಿದ್ದ ಬಾವಿಯಲ್ಲ ಅದು.

ಹೆಂಗಸರ ಮಾತು ಇನ್ನೂ ಬಂದಿಲ್ಲ. ಪಟ್ಟಿಯಲ್ಲೂ ಅವರು ಹಾಗೆಯೇ, ತಡವಾಗಿ, ಮೂಲೆಯಲ್ಲಿ. ತೆರಿಗೆಗೆ ಲೆಕ್ಕ ಮನೆಯ ಗಂಡಾಳು. ಗಂಡ ಸತ್ತಾಗ ಹೆಂಗಸು ಲೆಕ್ಕಕ್ಕೆ ಬರುತ್ತಾಳೆ. ವಿಧವೆಯ ಮುಖದ ಮೇಲೆ ಕಣ್ಣೀರ ಹನಿ ಬರೆದಿರುತ್ತಾರೆ. ಅದು ದುಃಖದ ಚಿತ್ರವಲ್ಲ, ತೆರಿಗೆಯ ವರ್ಗ ಸೂಚಿಸುವ ಗುರುತು. ಆದರೂ ಗುಮಾಸ್ತಿಕೆಗೆ ಕಣ್ಣೀರನ್ನೇ ಗುರುತಾಗಿ ಆರಿಸಿಕೊಂಡ ಜನ ಬೇರೆ ಎಲ್ಲಿದ್ದರೋ ಕಾಣೆ.

ಹೆಂಗಸರಿಗೆ ಎಂಥ ಹೆಸರುಗಳಿದ್ದವೆಂದು ತಿಳಿಯಲು ಮೊರೆಲೋಸ್ ಕಡೆಯ, ಇನ್ನೂ ಹಳೆಯ ಜನಗಣತಿಗಳನ್ನು ನೋಡಬೇಕು. ಅವು ಚಿತ್ರವಲ್ಲ, ನಾವಾಟ್ಲ್ ಭಾಷೆಯನ್ನು ಹೊಸ ಅಕ್ಷರದಲ್ಲಿ ಬರೆದವು. ಅಲ್ಲಿ ಗಂಡಸರಿಗೆ ಬಣ್ಣಬಣ್ಣದ ಹೆಸರುಗಳು. ಹೆಂಗಸರ ವಿಷಯ ಬಂದರೆ ಮತ್ತೆ ಮತ್ತೆ ಅವೇ ನಾಲ್ಕು. ತೆಯಾಕಾಪನ್, ಹಿರಿಯಳು. ತ್ಲಾಕೊ, ನಡುವಿನವಳು. ತೆಯಿಕು, ತಂಗಿ. ಶೊಕೊ, ಕಿರಿಯಳು. ಒಂದೇ ಮನೆಯಲ್ಲಿ ಅತ್ತೆಯೂ ತೆಯಾಕಾಪನ್, ಸೊಸೆಯೂ ತೆಯಾಕಾಪನ್ ಆಗಬಹುದು. ಅಲ್ಲೊಂದು ಇಲ್ಲೊಂದು ನೆಕಾವಲ್ ಎಂಬ ಹೆಸರು ಬರುತ್ತದೆ. ಹಿಂದೆ ಉಳಿದುಹೋದವಳು ಎಂಬ ಅರ್ಥ ಕೊಡುತ್ತಾರೆ. ಯಾರು ಮುಂದೆ ಹೋದರೆಂದು ಕೇಳಿದರೆ ಉತ್ತರ ಹೇಳುವವರಿಲ್ಲ.

ಮೇಷ್ಟರ ಕೆಲಸದಲ್ಲಿದ್ದಾಗ ನಾನೂ ಜನಗಣತಿಗೆ ಮನೆಮನೆ ತಿರುಗಿದವನು. ಒಂದು ಹಟ್ಟಿಯಲ್ಲಿ ಜಗಲಿಯ ಮೇಲೆ ಕೂತಿದ್ದ ಮುದುಕಿಯನ್ನು, “ಅಜ್ಜೀ, ನಿಮ್ಮ ಹೆಸರೇನು?” ಎಂದೆ. “ನಂದ್ಯಾಕಪ್ಪಾ, ಮಗಂದು ಬರ್ಕೋ” ಎಂದಳು. ಬರೆಯಲೇಬೇಕು ಎಂದೆ. “ದೊಡ್ಡವ್ವ ಅಂತಾರೆ ಎಲ್ರೂವೆ” ಎಂದಳು. ಹುಟ್ಟಿದಾಗ ಏನಿಟ್ಟಿದ್ದರು ಎಂದು ಒತ್ತಾಯ ಮಾಡಿದ್ದಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಕರ್ಯೋರು ಹೋದ್ರಲ್ಲಪ್ಪ” ಎಂದಳು. ನಮೂನೆಯಲ್ಲಿ ದೊಡ್ಡವ್ವ ಎಂದೇ ಬರೆದೆ. ತೆಯಾಕಾಪನ್‌ಗಳ ಸಾಲು ಓದುವಾಗ ಆಕೆ ನೆನಪಾಗುತ್ತಾಳೆ. ಹೋಲಿಕೆ ಅಷ್ಟಕ್ಕೇ ನಿಲ್ಲುತ್ತದೆ. ನಮ್ಮ ಹಟ್ಟಿಯ ಮೇಲೆ ಅಂಥ ಕೇಡೇನೂ ಬಂದಿರಲಿಲ್ಲ.

ಅಲ್ಲಿ ಬಂದಿತ್ತು. 1520ರಲ್ಲಿ ಸಿಡುಬು. 1545ರಿಂದ ಮೂರು ವರ್ಷ, ಕಣ್ಣು ಮೂಗಿನಿಂದ ರಕ್ತ ಸುರಿಯುವ ಒಂದು ಜ್ವರ. ಅದಕ್ಕೆ ಅವರು ಕೊಕೊಲಿಸ್ತ್ಲಿ ಎಂದರು, ಬರೀ ‘ರೋಗ’ ಎಂದಂತೆ. 1576ರಲ್ಲಿ ಅದೇ ಜ್ವರ ಮತ್ತೆ. ಊರಿಗೆ ಊರೇ ಖಾಲಿಯಾದ ಕಾಲ. ತೆಶ್ಕೊಕೊ ಸೀಮೆಯ ತೆಪೆತ್ಲಾವೊಸ್ತೊಕ್‌ನ ಸುತ್ತಮುತ್ತ 1540ರ ಆಸುಪಾಸಿನಲ್ಲಿ ಬರೆದ ಎರಡು ಪುಸ್ತಕಗಳಿವೆ. ಒಂದು ಆಗಲೇ ಹೇಳಿದ ವೆರ್ಗಾರಾ, ಇನ್ನೊಂದು ‘ಸಾಂತಾ ಮರಿಯಾ ಅಸುನ್ಸಿಯೋನ್’. ಅವುಗಳಲ್ಲಿ ಮನೆಯೊಂದರ ಜನರೆಲ್ಲ ಇದ್ದಾರೆ. ಗಂಡ, ಹೆಂಡತಿ, ಮಕ್ಕಳು, ಅವರನ್ನು ಕೂಡಿಸುವ ಗೆರೆಗಳು. ಆಮೇಲೆ ಆ ಮನೆಯ ಹೊಲಗಳ ಅಳತೆ. ಹೊಲದ ಅಂಚಿನಲ್ಲಿ ಉಳಿದ ತುಂಡು ಅಳತೆಗಳಿಗೆ ಬಾಣ, ಕೈ, ಹೃದಯ ಎಂಬ ಗುರುತುಗಳಿವೆ. ಹೃದಯ ಎಂದರೆ ಎದೆಯಿಂದ ಚಾಚಿದ ಬೆರಳ ತುದಿಯವರೆಗಿನ ಉದ್ದ. ಮನೆಯ ಯಜಮಾನನ ಹೆಸರಿನ ಚಿತ್ರ ಹೊಲದ ಪುಟದಲ್ಲೂ ಮತ್ತೆ ಬರುತ್ತದೆ. ಮನೆಯ ಪುಟಗಳಲ್ಲಿ ಕೆಲವು ತಲೆಗಳಿಗೆ ಕಪ್ಪು ಬಳಿದಿದ್ದಾರೆ. ಅವರು ಸತ್ತವರು. ಪಟ್ಟಿಯಿಂದ ಅಳಿಸಿಲ್ಲ, ಕಪ್ಪು ಮಾಡಿದ್ದಾರೆ. ಗೆರೆ ಹಾಗೇ ಇದೆ, ಹೆಂಡತಿಯಿಂದ ಗಂಡನಿಗೆ, ಅಪ್ಪನಿಂದ ಮಗುವಿಗೆ. ಅಂಥ ಪುಟ ಬಂದಾಗ ನಾನು ಲ್ಯಾಪ್‌ಟಾಪ್ ಮುಚ್ಚಿ ಎದ್ದುಹೋಗುವುದುಂಟು. ಮಾರನೆಯ ದಿನ ಮುಂದಿನ ಪುಟ.

ಹೆಸರುಗಳನ್ನು ಯಾರೂ ನಿಷೇಧಿಸಿ ಕೊಂದಂತೆ ಕಾಣುವುದಿಲ್ಲ. ಹಾಗಿದ್ದಿದ್ದರೆ ಕೋಪಕ್ಕಾದರೂ ಒಂದು ಗುರಿ ಸಿಗುತ್ತಿತ್ತು. ಅವು ಸವೆದವು. ನಾವಾಟ್ಲ್ ದಾಖಲೆಗಳನ್ನು ಜೀವಮಾನವಿಡೀ ಓದಿದ ಜೇಮ್ಸ್ ಲಾಕ್‌ಹಾರ್ಟ್ ಇದನ್ನು ಹಂತಹಂತವಾಗಿ ತೋರಿಸಿದ್ದಾನೆ. ಮೊದಲು ಸಂತನ ಹೆಸರು ಮುಂದೆ, ನಾವಾಟ್ಲ್ ಹೆಸರು ಹಿಂದೆ. ಆಮೇಲೆ ಹಿಂದಿನದರ ಜಾಗಕ್ಕೆ ಇನ್ನೊಬ್ಬ ಸಂತ ಬಂದ. ಹುವಾನ್ ದಿಯೇಗೊ, ಪೆದ್ರೊ ಹುವಾನ್, ಮರಿಯಾ ಹುವಾನಾ. ಅಪ್ಪನ ಹೆಸರಿಗೂ ಮಗನ ಹೆಸರಿಗೂ ನಂಟಿಲ್ಲ, ಅಣ್ಣನಿಗೂ ತಮ್ಮನಿಗೂ ನಂಟಿಲ್ಲ. ಎರಡು ಮೊದಲ ಹೆಸರುಗಳನ್ನು ಒಟ್ಟಿಗೆ ಹೊಲಿದ ಹಾಗೆ. ಹಾಗೆ ಹೊಲಿದ ಹೆಸರು ಕೇಳಿದರೆ ಸಾಕು, ಈತ ಹಳ್ಳಿಯ ಬಡ ಇಂಡಿಯನ್ ಎಂದು ಗೊತ್ತಾಗುತ್ತಿತ್ತು. ಅತ್ತ ಅಕ್ಷರ ಬಲ್ಲ ಗುಮಾಸ್ತರು ಊರೂರಿಗೆ ಆದರು. 1536ರಲ್ಲಿ ತ್ಲಾತೆಲೋಲ್ಕೊದಲ್ಲಿ ತೆರೆದ ಸಾಂತಾ ಕ್ರೂಸ್ ಪಾಠಶಾಲೆಯಲ್ಲಿ ಗಣ್ಯರ ಮಕ್ಕಳು ಲ್ಯಾಟಿನ್ನನ್ನೇ ಕಲಿತರು. ಪಕ್ಕದಲ್ಲೇ ಅಕ್ಷರದಲ್ಲಿ ಬರೆದಿರುವಾಗ ಮೊಲ ಬರೆಯುವುದು ಎರಡು ಕೆಲಸ. ಹೆಸರು ಹೋದ ಮೇಲಂತೂ ಬರೆಯಲು ಮೊಲವೇ ಇರಲಿಲ್ಲ.

ಉಳಿದ ಹಾಳೆಗಳ ಪ್ರಯಾಣವೂ ಒಂದು ಕಥೆ. ಲೊರೆನ್ಸೊ ಬೊತುರಿನಿ ಎಂಬ ಇಟಲಿಯವನು 1736ರಲ್ಲಿ ಮೆಕ್ಸಿಕೊಗೆ ಬಂದು ಹುಚ್ಚು ಹಿಡಿದವನಂತೆ ಇಂಥ ಕಾಗದಗಳನ್ನು ಕೂಡಿಹಾಕಿದ. 1743ರಲ್ಲಿ ಸರಕಾರ ಅವನನ್ನು ಹಿಡಿದು ಸಂಗ್ರಹವನ್ನು ಜಪ್ತಿ ಮಾಡಿತು. ಕಾಗದಗಳು ಕಚೇರಿಗಳಲ್ಲಿ ಚದುರಿದವು. 1830ರಲ್ಲಿ ಓಬಾಂ ಬಂದು ಹತ್ತು ವರ್ಷ ಹುಡುಕಿ ಆರಿಸಿಕೊಂಡು ಪ್ಯಾರಿಸ್ಸಿಗೆ ಒಯ್ದ. ಮುಪ್ಪಿನಲ್ಲಿ, 1889ರಲ್ಲಿ, ಗೂಪಿಲ್ ಎಂಬವನಿಗೆ ಮಾರಿದ. ಗೂಪಿಲ್ ತೀರಿಕೊಂಡ ಮೇಲೆ ಅವನ ಹೆಂಡತಿ 1898ರಲ್ಲಿ ಅದನ್ನು ಗ್ರಂಥಾಲಯಕ್ಕೆ ಕೊಟ್ಟಳು. ನಮ್ಮ ಮೊಲ, ಹಾವುಗಳೆಲ್ಲ ಹೀಗೆ ಪ್ಯಾರಿಸ್ ಸೇರಿದವು. ಅದೇ ಸಂಗ್ರಹದಲ್ಲಿ ನಾಮಕರಣಕ್ಕೆ ದಿನ ನೋಡುತ್ತಿದ್ದಂಥ ಪಂಚಾಂಗದ ಪುಸ್ತಕವೊಂದೂ ಇತ್ತು, ಓಬಾಂ ಹೆಸರಿನದೇ. 1982ರಲ್ಲಿ ಮೆಕ್ಸಿಕೊದ ಒಬ್ಬಾತ ಓದಲೆಂದು ಬಂದು ಅದನ್ನು ಬಟ್ಟೆಯೊಳಗೆ ಅಡಗಿಸಿಕೊಂಡು ನೆಟ್ಟಗೆ ತನ್ನ ದೇಶಕ್ಕೆ ಹಾರಿದ. ಕದ್ದದ್ದಲ್ಲ, ಕದ್ದದ್ದನ್ನು ಮರಳಿ ತಂದದ್ದು ಎಂದ. ಫ್ರಾನ್ಸ್ ಕೂಗಾಡಿತು, ಪುಸ್ತಕ ಮಾತ್ರ ಮೆಕ್ಸಿಕೊದಲ್ಲೇ ಉಳಿದಿದೆ. ಕಾನೂನಿನ ಮಾತು ಬೇರೆ. ನನಗೆ ಆ ಮನುಷ್ಯನ ಮೇಲೆ ಸಿಟ್ಟು ಬರುವುದಿಲ್ಲ.

ಇಂದಿಗೂ 15 ಲಕ್ಷಕ್ಕೂ ಹೆಚ್ಚು ಜನ ನಾವಾಟ್ಲ್ ಆಡುತ್ತಾರೆ. ಹಳೆಯ ಹೆಸರುಗಳೂ ಪೂರ್ತಿ ಹೋಗಿಲ್ಲ. ವೆಹೋತ್ಸಿಂಗೊಗೆ ಹತ್ತಿರದ ಚೊಲೂಲಾದಲ್ಲಿ ಕ್ವಾವುತ್ಲೆ, ಕೊಯೊಟ್ಲ್ ಎಂಬ ಮನೆತನದ ಹೆಸರುಗಳಿವೆ. ಹದ್ದು ಮತ್ತು ಕೊಯೊಟೆ, ಹೇಗೋ ನುಸುಳಿಕೊಂಡು ಬಂದವು. ಪೇಟೆಯ ತಾಯ್ತಂದೆಯರು ಕಳೆದ ಶತಮಾನದಿಂದ ಹಳೆಯ ಹೆಸರುಗಳನ್ನು ಹುಡುಕಿ ಇಡುತ್ತಲೂ ಇದ್ದಾರೆ. ಹೆಣ್ಣುಮಕ್ಕಳಿಗೆ ಹೂವಿನ ಶೊಚಿಟ್ಲ್, ನಕ್ಷತ್ರದ ಸಿತ್ಲಾಲಿ. ಗಂಡುಮಕ್ಕಳಿಗೆ ಅಲ್ಲಿಯ ಕೊನೆಯ ದೊರೆ ಕ್ವಾವ್‌ತೆಮೊಕ್. ರಾಜಕಾರಣಿ ಕ್ವಾವ್‌ತೆಮೊಕ್ ಕಾರ್ದೆನಾಸ್, ಫುಟ್‌ಬಾಲ್ ಆಟಗಾರ ಕ್ವಾವ್‌ತೆಮೊಕ್ ಬ್ಲಾಂಕೊ ಎಲ್ಲರಿಗೂ ಗೊತ್ತು. ಎರಗುವ ಹದ್ದು ಮತ್ತೆ ಮೇಲೆದ್ದಿದೆ.

ಸಂತೋಷದ ಸಂಗತಿಯೇ. ಆದರೆ ಮರಳಿ ಬಂದವುಗಳನ್ನು ನೋಡಿ: ಕೊನೆಯ ದೊರೆ, ಹೂವು, ನಕ್ಷತ್ರ. ಮಾತ್ರಿಕುಲಾದ ಪುಟಗಳಲ್ಲಿ ಸೋಲಿನ್ ಎಂಬ ಹೆಸರು ಬರುತ್ತದೆ, ಲಾವುಗೆ ಹಕ್ಕಿ. ದುಂಡಗಿನ ಮೈ, ಗಿಡ್ಡ ಬಾಲ. ಹಾರುವುದಕ್ಕಿಂತ ಹೆಚ್ಚಾಗಿ ಜೋಳದ ಹೊಲದಲ್ಲಿ ಓಡಿಯೇ ಬದುಕುವ ಹಕ್ಕಿ ಅದು. ಆ ಹೆಸರಿನವನೂ ಅದೇ ಹೊಲದಲ್ಲಿ ಬದುಕಿ, ಜೋಳ ಅಳೆದು ಕೊಟ್ಟು ಹೋದವನು. ಎಡಗೈಯವನು ಎಂಬ ಅರ್ಥದ ಒಪೊಚ್ತ್ಲಿ ಇತ್ತು. ಅದು ನೀರಿನ ದೇವರೊಬ್ಬನ ಹೆಸರೂ ಹೌದು, ಆದರೂ ಎಡಗೈಯಲ್ಲಿ ತುತ್ತೆತ್ತಿದ ಯಾವುದೋ ಕೂಸಿಗೆ ಇಟ್ಟದ್ದಿರಬಹುದು ಎಂದೇ ನನಗೆ ಆಸೆ. ಹಗೆಯವನು, ಕಾಳಗದವನು ಎನ್ನುವ ಯಾವೊಟ್ಲ್ ಅಂತೂ ಬೀದಿಗೆ ನಾಲ್ಕು ಜನ ಇದ್ದಿರಬೇಕು. ಗುರಾಣಿ-ಗದೆಗಳು ಅಷ್ಟು ಸಲ ಎದುರಾಗುತ್ತವೆ. ತ್ಲಾಕೊ ಎಂದು, ನಡುವಿನವಳೇ ಎಂದು, ಈಗ ಯಾವ ತಾಯಿ ಮಗಳನ್ನು ಕರೆದಾಳು? ಮಕ್ಕಳಿಗೆ ಹೆಸರು ಹುಡುಕುವವರು ಶಾಲೆಯಲ್ಲಿ ಓದಿದ್ದನ್ನು ನೆನೆಸಿಕೊಳ್ಳುತ್ತಾರೆ, ಶಾಲೆಯ ಪುಸ್ತಕದಲ್ಲಿ ದೊರೆಗಳಿರುತ್ತಾರೆ. ವೆಶೋತ್ಸಿಂಕೊದ ಲಾವುಗೆಗಳಿಗಾಗಿ ಅಂಥ ಪುಸ್ತಕ ಯಾರೂ ಬರೆದಿಲ್ಲ.